ಗ್ಯಾರಿ ಕಿಲ್ಡಾಲ್: ಹಾಸಿಗೆ ಇದ್ದಷ್ಟು ಕಾಲು ಚಾಚಿದ ಗಣಕಶಿಲ್ಪಿ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ನಮ್ಮ ಹಿರಿಯರು ಅನುಭವದಿಂದ ಕಂಡುಕೊಂಡ ಮಾತು. ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಯ ಬಹುಪಾಲು ಬಾಬಾಬುಡನ್‌ಗಿರಿಯ ಆಚೆಗೇ ಸುರಿದುಹೋಗಿ, ಕಡೂರು ಅಜ್ಜಂಪುರಗಳ ಬಯಲಿಗೆ ಮಿಕ್ಕಷ್ಟು ಮಾತ್ರ ಬರುತ್ತದೆ. ಆದುದರಿಂದಲೇ ನಮ್ಮ ಪೂರ್ವಿಕರು ಮದಗದ ಕೆರೆ, ಅಯ್ಯನಕೆರೆಗಳಂಥ ಕೆರೆಗಳನ್ನು ಕಟ್ಟಿದರು, ತೂಬುಗಳನ್ನಿಟ್ಟರು, ನೀರುಗಂಟಿಯನ್ನು ನೇಮಿಸಿ, ಸರದಿಯ ಮೇಲೆ ಗದ್ದೆಗಳಿಗೆ ನೀರು ಹಾಯಿಸುವ ಕಟ್ಟುಪಾಡನ್ನು ಮಾಡಿದರು. ಇದ್ದ ನೀರನ್ನು ಹೆಚ್ಚಿಸುವುದು ನೀರುಗಂಟಿಯ ಕೈಲಿರಲಿಲ್ಲ. ಯಾರಿಗೆ ಎಷ್ಟು, ಯಾವಾಗ, ಯಾರ ತರುವಾಯ ಯಾರು ಎಂಬುದನ್ನು ನಿರ್ಣಯಿಸುವುದಷ್ಟೇ ಅವನ ಕೆಲಸವಾಗಿತ್ತು. ಆ ನಿರ್ಣಯ ಸರಿಯಾಗಿದ್ದ ವರ್ಷ ಅರ್ಧ ಕೆರೆಯ ನೀರಿನಲ್ಲಿಯೂ ಊರಿಗೆ ಅನ್ನ ಸಿಕ್ಕುತ್ತಿತ್ತು.

ಯಂತ್ರಗಳ ಪ್ರಪಂಚದಲ್ಲಿಯೂ ಇಂಥ ಒಬ್ಬ ನೀರುಗಂಟಿ ಇದ್ದನು. ಅವನೇ ಅಮೆರಿಕದ ಗ್ಯಾರಿ ಕಿಲ್ಡಾಲ್. ಮನೆಯ ಮೇಜಿನ ಮೇಲೆ ಕೂರುವ ಸಣ್ಣ ಕಂಪ್ಯೂಟರು ಹುಟ್ಟಿದ ಹೊಸತರಲ್ಲಿ, ಅದಕ್ಕಿದ್ದ ಅತ್ಯಲ್ಪ ಮೆಮೊರಿಯನ್ನು ಕ್ರಮವಾಗಿ ಹಂಚಿ, ಆ ಯಂತ್ರವನ್ನು ನಾಲ್ಕು ಜನರ ಉಪಯೋಗಕ್ಕೆ ಬರುವಂತೆ ಮಾಡಿದವನು ಅವನು. ಅವನು ತೀರಿಕೊಂಡು ಮೂವತ್ತು ವರ್ಷಗಳ ಮೇಲಾಯಿತು. ಅವನು ಹಾಕಿಕೊಟ್ಟ ಪದ್ಧತಿಗಳನ್ನು ಪ್ರತಿದಿನ ಬಳಸುವ ನಮ್ಮಲ್ಲಿ ಅನೇಕರಿಗೆ ಅವನ ಹೆಸರು ಸಹ ಪರಿಚಯವಿಲ್ಲ. ಆ ಪರಿಚಯವನ್ನು ಮಾಡಿಕೊಡುವುದೇ ಈ ಲೇಖನದ ಉದ್ದೇಶ.

ಮೊದಲು ಮೆಮೊರಿ ಎಂದರೇನೆಂಬುದನ್ನು ಕಲಾವಿಭಾಗದ ನಮಗೆ ತಿಳಿಯುವಂತೆ ಹೇಳುವುದು ಅವಶ್ಯ. ಕಂಪ್ಯೂಟರು ತಾನು ಈಗ ಮಾಡುತ್ತಿರುವ ಕೆಲಸವನ್ನೂ, ಆ ಕೆಲಸಕ್ಕೆ ಬೇಕಾದ ಆಜ್ಞೆಗಳನ್ನೂ ಹರಡಿಕೊಳ್ಳುವ ಹಲಗೆಯೇ ಅದರ ಮೆಮೊರಿ. ಆ ಹಲಗೆಯ ಮೇಲೆ ಸಾಲಾಗಿ ಸಣ್ಣ ಮನೆಗಳಿರುತ್ತವೆ. ಒಂದು ಮನೆಗೆ ಒಂದು ಬೈಟು ಎಂದು ಹೆಸರು. ಒಂದು ಬೈಟಿನಲ್ಲಿ ಇಂಗ್ಲಿಷಿನ ಒಂದು ಅಕ್ಷರ ಹಿಡಿಯುತ್ತದೆ. ೧,೦೨೪ ಬೈಟುಗಳಾದರೆ ಒಂದು ಕಿಲೋಬೈಟು. ೧೯೭೦ರ ದಶಕದ ಸಣ್ಣ ಕಂಪ್ಯೂಟರಿನ ಚಿಪ್ಪಿಗೆ ಹದಿನಾರು ವಿಳಾಸತಂತಿಗಳಿದ್ದುವು. ಎರಡನ್ನು ಹದಿನಾರು ಸಲ ತನ್ನಿಂದ ತಾನೇ ಗುಣಿಸಿದರೆ ೬೫,೫೩೬ ಬರುತ್ತದೆ. ಎಂದರೆ, ಎಷ್ಟೇ ಹಣ ಸುರಿದರೂ ಆ ಚಿಪ್ಪು ಒಂದೇ ಕಾಲದಲ್ಲಿ ೬೪ ಕಿಲೋಬೈಟಿಗಿಂತ ಹೆಚ್ಚಿನ ಮನೆಗಳನ್ನು ಎಣಿಸಲಾರದು. ಇಂಗ್ಲಿಷಿನ ಒಂದು ಪುಟಕ್ಕೆ ಎರಡು ಸಾವಿರ ಅಕ್ಷರಗಳೆಂದು ಹಿಡಿದರೆ, ಇದು ಮೂವತ್ತೆರಡು ಪುಟಗಳ ಒಂದು ತೆಳು ಪುಸ್ತಕ. ಅಷ್ಟಾದರೂ ಎಲ್ಲರಿಗೂ ಇತ್ತೇ? ಅದೂ ಇಲ್ಲ. ೧೯೭೫ರ ಜನವರಿಯಲ್ಲಿ ಅಮೆರಿಕದ ಪತ್ರಿಕೆಯೊಂದರ ಮುಖಪುಟದಲ್ಲಿ ಕಾಣಿಸಿಕೊಂಡು ಸಾವಿರಾರು ಯುವಕರನ್ನು ಮರುಳುಮಾಡಿದ ಆಲ್ಟೇರ್ ಯಂತ್ರವು ಕೇವಲ ೨೫೬ ಬೈಟುಗಳೊಡನೆ ಮಾರಾಟವಾಗುತ್ತಿತ್ತು. ಈ ಬಡತನದ ಹಿನ್ನೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಕಿಲ್ಡಾಲನ ಜೀವನವನ್ನು ನೋಡಬೇಕು.

ಗ್ಯಾರಿ ಕಿಲ್ಡಾಲನು ೧೯೪೨ನೆಯ ಇಸವಿ ಮೇ ೧೯ರಂದು ಅಮೆರಿಕದ ವಾಯವ್ಯ ತೀರದ ಸಿಯಾಟಲ್ ನಗರದಲ್ಲಿ ಹುಟ್ಟಿದನು. ಅವನದು ಕಡಲನ್ನು ನಂಬಿದ ಮನೆತನ. ಅವನ ಅಜ್ಜನು ನಾವಿಕರಿಗೆ ನೌಕಾಶಾಸ್ತ್ರವನ್ನು ಕಲಿಸುವ ಶಾಲೆಯೊಂದನ್ನು ಸ್ಥಾಪಿಸಿದ್ದನು. ತಂದೆಯೂ ಅದನ್ನೇ ನಡೆಸಿಕೊಂಡು ಬಂದನು. ಹುಡುಗನಿಗೆ ಶಾಲೆಯ ಪಾಠಕ್ಕಿಂತ ಮೋಟಾರು ಬಿಚ್ಚುವುದರಲ್ಲಿ, ತಂತಿಗಳನ್ನು ಜೋಡಿಸುವುದರಲ್ಲಿ ಆಸಕ್ತಿ ಹೆಚ್ಚು. ಶಾಲೆಯಲ್ಲಿ ಅವನು ಹೆಸರು ಮಾಡಿದವನಲ್ಲ. ಮುಂದೆ ಮನೆಯ ನೌಕಾಶಾಲೆಯಲ್ಲಿಯೇ ಪಾಠ ಹೇಳುತ್ತ ಹೇಳುತ್ತ ಅವನಿಗೆ ಗಣಿತದ ರುಚಿ ಹತ್ತಿತು. ಗಣಿತದ ಉಪಾಧ್ಯಾಯನಾಗಬೇಕೆಂಬ ಆಸೆಯಿಂದ ವಾಷಿಂಗ್ಟನ್ ವಿಶ್ವವಿದ್ಯಾನಿಲಯವನ್ನು ಸೇರಿದನು. ಶಾಲಾದಿನಗಳ ಗೆಳತಿಯಾದ ಡೊರೊತಿ ಮೆಕ್‌ಯೂಯೆನಳನ್ನು ೧೯೬೩ರಲ್ಲಿ ಮದುವೆಯಾದನು. ವಿಶ್ವವಿದ್ಯಾನಿಲಯದ ಕಂಪ್ಯೂಟರು ಕಣ್ಣಿಗೆ ಬಿದ್ದ ಮೇಲೆ ಅವನ ಮನಸ್ಸು ಬೇರೆಡೆಗೆ ಹೋಗಲಿಲ್ಲ.

ಆಗ ವಿಯಟ್ನಾಮಿನ ಯುದ್ಧ ನಡೆಯುತ್ತಿದ್ದ ಕಾಲ. ಸೈನ್ಯದ ಸೇವೆ ಯುವಕರಿಗೆ ತಪ್ಪಿಸಿಕೊಳ್ಳಲಾಗದ ಋಣವಾಗಿತ್ತು. ಕಿಲ್ಡಾಲನು ಆ ಋಣವನ್ನು ಅಧ್ಯಾಪಕನಾಗಿ ತೀರಿಸಿದನು. ಕ್ಯಾಲಿಫೋರ್ನಿಯದ ಮಾಂಟೆರಿ ಎಂಬ ಕಡಲಕರೆಯ ಊರಿನಲ್ಲಿದ್ದ ನೌಕಾಪಡೆಯ ಸ್ನಾತಕೋತ್ತರ ವಿದ್ಯಾಲಯದಲ್ಲಿ ಅವನಿಗೆ ಕೆಲಸವಾಯಿತು. ಅವಧಿ ಮುಗಿದ ಮೇಲೆಯೂ ಅಲ್ಲಿಯೇ ನಿಂತು ಪಾಠ ಹೇಳಿದನು. ೧೯೭೨ರಲ್ಲಿ ತನ್ನ ವಿಶ್ವವಿದ್ಯಾನಿಲಯದಿಂದ ಡಾಕ್ಟೊರೇಟ್ ಪದವಿಯನ್ನು ಪಡೆದನು. ಅವನ ಪ್ರಬಂಧದ ವಿಷಯ ನಮ್ಮ ಕಥೆಗೆ ಸಲ್ಲುವಂಥದೇ ಆಗಿತ್ತು. ಮನುಷ್ಯನು ಬರೆದ ಪ್ರೋಗ್ರಾಮನ್ನು ಯಂತ್ರಭಾಷೆಗೆ ತಿರುಗಿಸುವಾಗ, ಒಮ್ಮೆ ಮಾಡಿದ ಲೆಕ್ಕವನ್ನು ಪುನಃ ಮಾಡದಂತೆ, ಬೇಡದ ಹೆಜ್ಜೆಗಳನ್ನು ಇಡದಂತೆ ಯಂತ್ರವೇ ನೋಡಿಕೊಳ್ಳುವುದು ಹೇಗೆ ಎಂಬುದನ್ನು ಅವನು ಒಂದು ವ್ಯವಸ್ಥಿತ ಕ್ರಮಕ್ಕೆ ತಂದನು. ೧೯೭೩ರಲ್ಲಿ ಪ್ರಕಟವಾದ ಆ ವಿಧಾನವನ್ನು ಇಂದಿಗೂ ಗಣಕವಿಜ್ಞಾನದ ವಿದ್ಯಾರ್ಥಿಗಳು ಅವನ ಹೆಸರಿನಿಂದಲೇ ಓದುತ್ತಾರೆ. ದುಂದು ಮಾಡಬಾರದೆಂಬುದು ಅವನಿಗೆ ಹೊಟ್ಟೆಪಾಡಿನ ಉಪಾಯವಲ್ಲ, ಅವನ ವಿದ್ಯೆಯ ಬೇರೇ ಆಗಿತ್ತೆಂದರೆ ತಪ್ಪಾಗದು.

ಮಾಂಟೆರಿಯಿಂದ ಬಹಳ ದೂರವಲ್ಲದ ಕಡೆ ಇಂಟೆಲ್ ಎಂಬ ಹೊಸ ಕಂಪನಿ ಇತ್ತು. ೧೯೭೧ರಲ್ಲಿ ಅದು ೪೦೦೪ ಎಂಬ ಚಿಪ್ಪನ್ನು ಮಾರಾಟಕ್ಕೆ ತಂದಿತು. ಉಗುರಿನಗಲದ ಒಂದೇ ಚೂರಿನಲ್ಲಿ ಇಡೀ ಗಣಕದ ಮಿದುಳು ಅಡಗಿತ್ತು. ಕಿಲ್ಡಾಲನು ಅದನ್ನು ಕೊಂಡುತಂದು, ತಂದೆಯ ಶಾಲೆಯ ನಾವಿಕರಿಗೆ ಬೇಕಾಗುತ್ತಿದ್ದ ತ್ರಿಕೋನಮಿತಿಯ ಲೆಕ್ಕಗಳನ್ನು ಅದರಿಂದ ಮಾಡಿಸಲು ಹವಣಿಸಿದನು. ಒಂದು ಸಲಕ್ಕೆ ನಾಲ್ಕು ಬಿಟ್ಟುಗಳನ್ನು, ಎಂದರೆ ಅರ್ಧ ಬೈಟನ್ನು, ಮಾತ್ರ ನುಂಗಬಲ್ಲ ಆ ಚಿಪ್ಪಿನಿಂದ ಸೈನು, ಕೊಸೈನುಗಳನ್ನು ಹೊರಡಿಸುವುದೆಂದರೆ ಕಾಫಿಯ ಲೋಟದಿಂದ ತೋಟಕ್ಕೆ ನೀರು ಹಾಕಿದಂತೆ. ಆದರೂ ಅವನು ಬಿಡಲಿಲ್ಲ. ಕೆಲಸದ ಬಿಡುವಿನ ದಿನಗಳಲ್ಲಿ ಇಂಟೆಲ್ ಕಂಪನಿಗೆ ಸಲಹೆಗಾರನಾಗಿ ಹೋಗತೊಡಗಿದನು. ಸಣ್ಣ ಚಿಪ್ಪುಗಳಿಗೆ ಪ್ರೋಗ್ರಾಮು ಬರೆಯುವುದು ಸುಲಭವಾಗಲೆಂದು ೧೯೭೩ರಲ್ಲಿ ಪಿ.ಎಲ್./ಎಂ. ಎಂಬ ಭಾಷೆಯನ್ನು ನಿರ್ಮಿಸಿದನು.

ಇಲ್ಲಿ ಒಂದು ವಿಚಿತ್ರವಾದ ತೊಡಕು ಎದುರಾಯಿತು. ಸಣ್ಣ ಚಿಪ್ಪಿಗಾಗಿ ಬರೆದ ಪ್ರೋಗ್ರಾಮನ್ನು ಯಂತ್ರಭಾಷೆಗೆ ತಿರುಗಿಸಬೇಕಾದರೆ ದೊಡ್ಡ ಕಂಪ್ಯೂಟರಿನ ಬಾಗಿಲಿಗೆ ಹೋಗಬೇಕಾಗಿತ್ತು. ಸಣ್ಣದು ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳಲಾರದೆ, ಊರ ಗೌಡರ ಜಗಲಿಯಲ್ಲಿ ಕೈಕಟ್ಟಿ ನಿಂತ ಬಡವನಂತಿತ್ತು. ಏಕೆಂದರೆ ಸಣ್ಣ ಯಂತ್ರಕ್ಕೆ ಮೆಮೊರಿಯೂ ಕಡಮೆ, ಬರೆದದ್ದನ್ನು ಕೂಡಿಡಲು ಉಗ್ರಾಣವೂ ಇಲ್ಲ. ಕಾಗದದ ಪಟ್ಟಿಗೆ ತೂತು ಹೊಡೆದು ಇಟ್ಟುಕೊಳ್ಳುವುದು, ಅದನ್ನು ಮತ್ತೆ ಓದಿಸುವುದು, ಇದರಲ್ಲಿಯೇ ಗಂಟೆಗಳು ಕಳೆದುಹೋಗುತ್ತಿದ್ದುವು. ಆಗತಾನೆ ಬಂದಿದ್ದ ಫ್ಲಾಪಿ ಡಿಸ್ಕು ಕಿಲ್ಡಾಲನ ಕಣ್ಣಿಗೆ ಬಿದ್ದಿತು. ಎಂಟು ಅಂಗುಲದ ಆ ತಟ್ಟೆಯಲ್ಲಿ ಸುಮಾರು ೨೫೦ ಕಿಲೋಬೈಟು ಹಿಡಿಯುತ್ತಿತ್ತು. ಬೇಕಾದ ಭಾಗವನ್ನು ಬೇಕಾದಾಗ ತಕ್ಷಣ ತೆಗೆಯಬಹುದಾಗಿತ್ತು. ಡಿಸ್ಕಿನ ಯಂತ್ರವೇನೋ ಅವನಿಗೆ ಸಿಕ್ಕಿತು. ಆದರೆ ಅದನ್ನು ಚಿಪ್ಪಿಗೆ ಜೋಡಿಸುವ ವಿದ್ಯುತ್‌ಮಂಡಲವನ್ನು ಕಟ್ಟುವುದು ಅವನಿಂದಾಗಲಿಲ್ಲ. ಅದು ಬಹಳ ದಿನ ಅವನ ಕೋಣೆಯಲ್ಲಿ ಸುಮ್ಮನೆ ಕುಳಿತಿತ್ತು. ಕಡೆಗೆ ೧೯೭೪ರಲ್ಲಿ ಜಾನ್ ಟೊರೋಡ್ ಎಂಬ ಸ್ನೇಹಿತನು ಬಂದು ಆ ಜೋಡಣೆಯನ್ನು ಮಾಡಿಕೊಟ್ಟನು. ಕಿಲ್ಡಾಲನು ಅದಕ್ಕೆ ಬೇಕಾದ ಆಡಳಿತದ ಪ್ರೋಗ್ರಾಮನ್ನು ಸಿದ್ಧಪಡಿಸಿದನು. ಪೆಸಿಫಿಕ್ ಗ್ರೋವ್ ಎಂಬ ಊರಿನಲ್ಲಿ ಆ ಯಂತ್ರವು ಮೊದಲ ಸಲ ಡಿಸ್ಕಿನಿಂದ ಓದಿ ಉತ್ತರ ಕೊಟ್ಟಿತು. ಆ ಪ್ರೋಗ್ರಾಮಿಗೆ ಸಿ.ಪಿ./ಎಂ. ಎಂದು ಹೆಸರಾಯಿತು.

ಸಿ.ಪಿ./ಎಂ. ಮೆಮೊರಿಯನ್ನು ಹಂಚಿದ ಬಗೆಯನ್ನು ನೋಡಿದರೆ ಕಿಲ್ಡಾಲನ ಬುದ್ಧಿಯ ಹದ ತಿಳಿಯುತ್ತದೆ. ಸಾಲಾಗಿರುವ ಮನೆಗಳ ಬೀದಿಯನ್ನು ಕಲ್ಪಿಸಿಕೊಳ್ಳಿ. ಬೀದಿಯ ಮೊದಲ ೨೫೬ ಮನೆಗಳನ್ನು ಚಾವಡಿಯ ಲೆಕ್ಕಕ್ಕೆ ಬಿಟ್ಟನು. ಅಲ್ಲಿ ಕೆಲವು ಸೂಚನೆಗಳೂ ಡಿಸ್ಕಿನಿಂದ ಬಂದದ್ದನ್ನು ಇಳಿಸಿಕೊಳ್ಳುವ ಜಾಗವೂ ಇದ್ದುವು. ಅಲ್ಲಿಂದ ಮುಂದಿನ ವಿಶಾಲವಾದ ಬಯಲೆಲ್ಲ ಬಳಸುವವನ ಪ್ರೋಗ್ರಾಮಿಗೆ. ಆಡಳಿತ ವ್ಯವಸ್ಥೆಯನ್ನು ಮಾತ್ರ ಬೀದಿಯ ಕಟ್ಟಕಡೆಗೆ ಒತ್ತಿ ಕೂರಿಸಿದನು. ಇದರಲ್ಲಿಯೇ ಮರ್ಮವಿದೆ. ಒಬ್ಬನ ಯಂತ್ರದಲ್ಲಿ ೧೬ ಕಿಲೋಬೈಟು, ಇನ್ನೊಬ್ಬನದರಲ್ಲಿ ೪೮, ಮತ್ತೊಬ್ಬನದರಲ್ಲಿ ೬೪ ಇರಬಹುದು. ಬೀದಿ ಎಷ್ಟೇ ಉದ್ದವಾಗಿರಲಿ, ಪ್ರೋಗ್ರಾಮು ಯಾವಾಗಲೂ ಒಂದೇ ಮನೆಯಿಂದ ಪ್ರಾರಂಭವಾಗುವುದರಿಂದ ಒಂದು ಯಂತ್ರಕ್ಕೆ ಬರೆದದ್ದು ಇನ್ನೊಂದರಲ್ಲಿಯೂ ನಡೆಯಿತು. ಬೀದಿಯ ಕೊನೆ ಎಲ್ಲಿದೆಯೆಂಬುದನ್ನು ಚಾವಡಿಯ ಒಂದು ಗೊತ್ತಾದ ಮನೆಯಲ್ಲಿ ಬರೆದಿಡುವ ಏರ್ಪಾಡಿತ್ತು. ಪ್ರೋಗ್ರಾಮು ಅದನ್ನು ಓದಿ ತನಗೆಷ್ಟು ಜಾಗವಿದೆಯೆಂದು ತಿಳಿದುಕೊಂಡು ತನ್ನ ಸಂಸಾರವನ್ನು ಹೂಡುತ್ತಿತ್ತು. ಮೆಮೊರಿ ಹೆಚ್ಚಿಸಿಕೊಂಡವನು ಆಡಳಿತವನ್ನು ಇನ್ನೂ ಮೇಲಕ್ಕೆ ಸರಿಸಿಕೊಳ್ಳಲು ಬೇರೊಂದು ಸಣ್ಣ ಪ್ರೋಗ್ರಾಮನ್ನೂ ಒದಗಿಸಿದ್ದನು.

ಆಡಳಿತವೂ ಮೂರು ಪಾಲು. ಕೀಲಿಮಣೆಯಲ್ಲಿ ನಾವು ಕೊಟ್ಟ ಅಪ್ಪಣೆಯನ್ನು ಓದಿ ಅರ್ಥಮಾಡಿಕೊಳ್ಳುವುದು ಒಂದು. ಡಿಸ್ಕಿನ ಕಡತಗಳನ್ನು ನೋಡಿಕೊಳ್ಳುವುದು ಎರಡನೆಯದು. ಯಂತ್ರದ ಕೈಕಾಲುಗಳನ್ನು ಆಡಿಸುವುದು ಮೂರನೆಯದು. ಎಲ್ಲ ಸೇರಿ ಸುಮಾರು ಏಳು ಕಿಲೋಬೈಟು. ಅಷ್ಟೂ ಸದಾ ಇರಬೇಕಾಗಿರಲಿಲ್ಲ. ಪ್ರೋಗ್ರಾಮು ಓಡುತ್ತಿರುವಾಗ ಅಪ್ಪಣೆ ಓದುವವನಿಗೆ ಏನು ಕೆಲಸ? ಆ ಎರಡು ಕಿಲೋಬೈಟನ್ನೂ ಪ್ರೋಗ್ರಾಮು ಬೇಕಾದರೆ ಅಳಿಸಿ ಬಳಸಿಕೊಳ್ಳಬಹುದಾಗಿತ್ತು. ಕೆಲಸ ಮುಗಿದ ಮೇಲೆ ಆ ಭಾಗವನ್ನು ಡಿಸ್ಕಿನಿಂದ ಮತ್ತೆ ತಂದು ಕೂರಿಸಲಾಗುತ್ತಿತ್ತು. ಅತಿಥಿ ಬಂದಾಗ ಮನೆಯ ಯಜಮಾನನೇ ತನ್ನ ಮಂಚವನ್ನು ಬಿಟ್ಟುಕೊಟ್ಟು, ಅವನು ಹೋದ ಮೇಲೆ ತಿರುಗಿ ಮಲಗಿದಂತೆ. ಆಳುವವನು ತಾನು ಕಡಮೆ ಜಾಗದಲ್ಲಿದ್ದು ಆಳಿಸಿಕೊಳ್ಳುವವನಿಗೆ ಹೆಚ್ಚು ಬಿಡಬೇಕೆಂಬ ಈ ನೀತಿಯನ್ನು ರಾಜ್ಯಶಾಸ್ತ್ರದ ವಿದ್ಯಾರ್ಥಿಗಳೂ ಗಮನಿಸಬಹುದು.

ಮೂರನೆಯ ಪಾಲನ್ನು ಪ್ರತ್ಯೇಕಿಸಿದ್ದರಿಂದ ಆದ ಪ್ರಯೋಜನ ಇನ್ನೂ ದೊಡ್ಡದು. ಆ ಕಾಲದಲ್ಲಿ ಹತ್ತಾರು ಕಂಪನಿಗಳು ಹತ್ತಾರು ಬಗೆಯ ಯಂತ್ರಗಳನ್ನು ಮಾಡುತ್ತಿದ್ದುವು. ಒಂದರ ಡಿಸ್ಕಿಗೆ ಒಂದು ರೀತಿ, ಇನ್ನೊಂದರದಕ್ಕೆ ಇನ್ನೊಂದು ರೀತಿ. ಪ್ರತಿ ಯಂತ್ರಕ್ಕೂ ಇಡೀ ವ್ಯವಸ್ಥೆಯನ್ನು ತಿದ್ದಿ ಬರೆಯುವುದು ಕಿಲ್ಡಾಲನಿಗೆ ಬೇಸರವಾಯಿತು. ಇಮ್ಸಾಯ್ ಎಂಬ ಕಂಪನಿಯ ಯಂತ್ರಕ್ಕೆ ಹೊಂದಿಸುವ ಸಂದರ್ಭದಲ್ಲಿ, ಆ ಕಂಪನಿಯ ಗ್ಲೆನ್ ಯೂಯಿಂಗನ ಜೊತೆಗೆ ಸೇರಿ, ಯಂತ್ರದಿಂದ ಯಂತ್ರಕ್ಕೆ ಬದಲಾಗುವುದೆಲ್ಲವನ್ನೂ ಒಂದು ಸಣ್ಣ ತುಂಡಿಗೆ ತಂದನು. ಉಳಿದದ್ದು ಎಲ್ಲ ಕಡೆಯೂ ಒಂದೇ. ಈ ತುಂಡಿಗೆ ಬಯೋಸ್ ಎಂದು ಹೆಸರಿಟ್ಟನು. ನಮ್ಮ ಕಾಲೇಜಿನ ಕಂಪ್ಯೂಟರು ಕೊಠಡಿಗಳಲ್ಲಿ ಯಂತ್ರ ಏಳದಿದ್ದಾಗ ಕೇಳಿಬರುವ ಬಯೋಸ್ ಎಂಬ ಮಾತು ಅವನಿಂದ ಬಂದದ್ದು. ಡಿಸ್ಕುಗಳನ್ನು ಎ, ಬಿ, ಸಿ ಎಂದು ಅಕ್ಷರಗಳಿಂದ ಕರೆಯುವ ರೂಢಿಯೂ ಸಣ್ಣ ಕಂಪ್ಯೂಟರುಗಳಿಗೆ ಹಬ್ಬಿದ್ದು ಸಿ.ಪಿ./ಎಂ.ನಿಂದಲೇ. ನಾವು ಇಂದು ಸಿ ಡ್ರೈವ್ ಎಂದು ಕರೆಯುವಾಗ, ಎ ಮತ್ತು ಬಿ ಎಲ್ಲಿ ಹೋದುವೆಂದು ಯೋಚಿಸುವುದಿಲ್ಲ. ಅವು ಆ ಕಾಲದ ಎರಡು ಫ್ಲಾಪಿಗಳ ಹೆಸರುಗಳು.

ಗಂಡಹೆಂಡಿರು ಸೇರಿ ಒಂದು ಕಂಪನಿಯನ್ನು ತೆರೆದರು. ಇಂಟರ್‌ಗ್ಯಾಲಾಕ್ಟಿಕ್ ಡಿಜಿಟಲ್ ರಿಸರ್ಚ್ ಎಂಬುದು ಅದರ ಮೊದಲ ಹೆಸರು. ನಕ್ಷತ್ರಮಂಡಲಗಳನ್ನೇ ವ್ಯಾಪಿಸುವ ಆ ಹೆಸರನ್ನು ಇಟ್ಟದ್ದು ಮನೆಯಿಂದ ನಡೆಯುತ್ತಿದ್ದ ಒಂದು ಸಣ್ಣ ವ್ಯಾಪಾರಕ್ಕೆ! ಮುಂದೆ ಅದು ಡಿಜಿಟಲ್ ರಿಸರ್ಚ್ ಎಂದು ಮೊಟಕಾಯಿತು. ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ೭೦ ಡಾಲರಿಗೆ ಒಂದರಂತೆ ಸಿ.ಪಿ./ಎಂ. ಅನ್ನು ಮಾರಿದರು. ವ್ಯವಹಾರದ ಭಾರವೆಲ್ಲ ಡೊರೊತಿಯದು. ೧೯೭೭ರಲ್ಲಿ ಇಮ್ಸಾಯ್ ಕಂಪನಿಯು ೨೫,೦೦೦ ಡಾಲರು ಕೊಟ್ಟು ಅನುಮತಿ ಪಡೆಯಿತು. ಅನಂತರದ ನಾಲ್ಕಾರು ವರ್ಷಗಳಲ್ಲಿ ನೂರಾರು ಬಗೆಯ ಯಂತ್ರಗಳಿಗೆ ಸಿ.ಪಿ./ಎಂ. ಜೀವಾಳವಾಯಿತು. ಪ್ರೋಗ್ರಾಮು ಬರೆಯುವವನು ಒಮ್ಮೆ ಬರೆದರೆ ನೂರು ಕಡೆ ಮಾರಬಹುದೆಂಬ ಸ್ಥಿತಿ ಮೊದಲು ಬಂದದ್ದು ಆಗಲೇ.

ಜಾಗ ಮಾತ್ರ ೬೪ ಕಿಲೋಬೈಟೇ. ಅದರೊಳಗೆ ದೊಡ್ಡ ಕೆಲಸ ಮಾಡಬೇಕಾದವರು ಹೂಡಿದ ಉಪಾಯಗಳಲ್ಲಿ ಎರಡನ್ನು ಹೇಳುತ್ತೇನೆ. ಬೀರೂರು ಜಂಕ್ಷನ್ನನ್ನು ನೆನೆಯಿರಿ. ಅಲ್ಲಿನ ಒಂದೇ ಪ್ಲಾಟ್‌ಫಾರಮ್ಮಿನಲ್ಲಿ ದಿನಕ್ಕೆ ಹಲವು ರೈಲುಗಳು ನಿಲ್ಲುತ್ತವೆ. ಒಟ್ಟಿಗೆ ಅಲ್ಲ, ಒಂದು ಹೋದ ಮೇಲೆ ಇನ್ನೊಂದು. ಹಾಗೆಯೇ ದೊಡ್ಡ ಪ್ರೋಗ್ರಾಮನ್ನು ತುಂಡುಮಾಡಿ ಡಿಸ್ಕಿನಲ್ಲಿಟ್ಟು, ಬೇಕಾದ ತುಂಡನ್ನು ಮಾತ್ರ ತಂದು, ಕೆಲಸವಾದ ಮೇಲೆ ಅದೇ ಜಾಗದಲ್ಲಿ ಮತ್ತೊಂದನ್ನು ನಿಲ್ಲಿಸುತ್ತಿದ್ದರು. ಇದಕ್ಕೆ ಓವರ್‌ಲೇ ಎಂದು ಹೆಸರು. ೧೯೭೮ರಲ್ಲಿ ಬಂದ ವರ್ಡ್‌ಸ್ಟಾರ್ ಎಂಬ ಬರವಣಿಗೆಯ ಪ್ರೋಗ್ರಾಮು ಪತ್ರ, ವರದಿ, ಗ್ರಂಥಗಳನ್ನು ಇಷ್ಟರಲ್ಲಿಯೇ ತಿದ್ದಿಕೊಟ್ಟದ್ದು ಈ ಉಪಾಯದಿಂದ. ಎರಡನೆಯದು ಬ್ಯಾಂಕುಗಳ ಉಪಾಯ. ಚಿಪ್ಪಿಗೆ ಎಣಿಸಲು ಬರುವುದು ೬೪ ಕಿಲೋಬೈಟು ಮಾತ್ರವಾದರೂ, ಅಂಥ ಹಲಗೆಗಳನ್ನು ಎರಡು ಮೂರು ಇಟ್ಟು, ಯಾವುದು ಚಿಪ್ಪಿನ ಎದುರಿಗಿರಬೇಕೆಂಬುದನ್ನು ಒಂದು ಕೀಲಿನಿಂದ ಬದಲಾಯಿಸುವುದು. ಹಲವರು ಒಂದೇ ಯಂತ್ರವನ್ನು ಬಳಸಲೆಂದು ೧೯೭೯ರಲ್ಲಿ ಕಿಲ್ಡಾಲನ ಕಂಪನಿ ತಂದ ಎಂ.ಪಿ./ಎಂ. ಈ ಉಪಾಯವನ್ನು ಬಳಸಿತು. ಕೆರೆ ದೊಡ್ಡದಾಗಲಿಲ್ಲ, ತೂಬುಗಳು ಹೆಚ್ಚಾದುವು.

ಇನ್ನು ಅವನ ಜೀವನದ ಕಹಿಯಾದ ಅಧ್ಯಾಯ. ೧೯೮೦ರಲ್ಲಿ ಐ.ಬಿ.ಎಂ. ಎಂಬ ದೈತ್ಯ ಕಂಪನಿಯು ತಾನೂ ಸಣ್ಣ ಕಂಪ್ಯೂಟರನ್ನು ಮಾಡಲು ನಿಶ್ಚಯಿಸಿ, ಅದರ ಪ್ರತಿನಿಧಿಗಳು ಸಿ.ಪಿ./ಎಂ.ಗಾಗಿ ಪೆಸಿಫಿಕ್ ಗ್ರೋವಿಗೆ ಬಂದರು. ಬೆಳಗ್ಗೆ ಕಿಲ್ಡಾಲನು ತನ್ನ ಸ್ವಂತ ವಿಮಾನದಲ್ಲಿ ಬೇರೊಂದು ವ್ಯಾಪಾರದ ಕೆಲಸಕ್ಕೆ ಹೋಗಿದ್ದನು. ಗುಟ್ಟು ಕಾಪಾಡುವ ಒಪ್ಪಂದಕ್ಕೆ ಸಹಿ ಹಾಕಬೇಕೆಂದು ಬಂದವರು ಕೇಳಿದರು. ಡೊರೊತಿ ಹಿಂದೆಮುಂದೆ ನೋಡಿದಳು. ಅಂದು ಮಧ್ಯಾಹ್ನ ಏನು ನಡೆಯಿತೆಂಬುದನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳಿದ್ದಾರೆ. ಅವನು ಮೋಜಿಗಾಗಿ ವಿಮಾನ ಹಾರಿಸುತ್ತ ಅದೃಷ್ಟವನ್ನು ಕಳೆದುಕೊಂಡನೆಂಬ ಕಥೆ ಮಾತ್ರ ಲೋಕದಲ್ಲಿ ಹಬ್ಬಿ, ಅವನನ್ನು ಕೊನೆಯವರೆಗೂ ನೋಯಿಸಿತು. ಒಪ್ಪಂದ ಕುದುರಲಿಲ್ಲ. ಐ.ಬಿ.ಎಂ.ನವರು ಮೈಕ್ರೊಸಾಫ್ಟ್ ಕಂಪನಿಗೆ ಹೋದರು. ಸಿಯಾಟಲ್ಲಿನ ಟಿಮ್ ಪ್ಯಾಟರ್‌ಸನ್ ಎಂಬ ತರುಣನು, ಸಿ.ಪಿ./ಎಂ.ನ ಪ್ರೋಗ್ರಾಮುಗಳನ್ನು ಸುಲಭವಾಗಿ ಒಗ್ಗಿಸಿಕೊಳ್ಳುವಂತೆ ಅದರ ಮಾದರಿಯಲ್ಲಿಯೇ ಹೊಸ ಚಿಪ್ಪಿಗೊಂದು ವ್ಯವಸ್ಥೆಯನ್ನು ಬರೆದಿದ್ದನು. ಮೈಕ್ರೊಸಾಫ್ಟ್ ಅದನ್ನು ಕೊಂಡು ಐ.ಬಿ.ಎಂ.ಗೆ ಒದಗಿಸಿತು. ಕಿಲ್ಡಾಲನು ಆಕ್ಷೇಪಿಸಿದ ಮೇಲೆ ಅವನ ವ್ಯವಸ್ಥೆಯನ್ನೂ ಜೊತೆಗೆ ಮಾರಲು ಐ.ಬಿ.ಎಂ. ಒಪ್ಪಿತು. ಆದರೆ ಅಂಗಡಿಯಲ್ಲಿ ಒಂದರ ಬೆಲೆ ೪೦ ಡಾಲರು, ಅವನದಕ್ಕೆ ೨೪೦ ಡಾಲರು. ಗಿರಾಕಿ ಯಾವುದನ್ನು ಕೊಂಡನೆಂದು ಹೇಳಬೇಕಾಗಿಲ್ಲ.

೧೯೮೧ರ ಆಗಸ್ಟ್ ೧೨ರಂದು ಹೊರಬಂದ ಐ.ಬಿ.ಎಂ. ಯಂತ್ರದ ಚಿಪ್ಪಿಗೆ ಇಪ್ಪತ್ತು ವಿಳಾಸತಂತಿಗಳು. ಎಂದರೆ ೧,೦೨೪ ಕಿಲೋಬೈಟು. ಹದಿನಾರು ಪಟ್ಟು ವಿಸ್ತಾರವಾದ ಈ ಬಯಲಿಗೆ ಇನ್ನು ಬರವೇ ಇಲ್ಲವೆಂದು ತೋರಿತು. ಅದರಲ್ಲಿ ಮೇಲಿನ ೩೮೪ ಕಿಲೋಬೈಟನ್ನು ತೆರೆಗೂ ಯಂತ್ರಭಾಗಗಳಿಗೂ ಮೀಸಲಿಟ್ಟು, ೬೪೦ನ್ನು ಪ್ರೋಗ್ರಾಮುಗಳಿಗೆ ಬಿಟ್ಟರು. ಕೆಲವೇ ವರ್ಷಗಳಲ್ಲಿ ಅದೂ ಸಾಲದೆ ಹೋಯಿತು. ಮುಂದಿನ ಚಿಪ್ಪುಗಳಿಗೆ ಹೆಚ್ಚು ಮೆಮೊರಿ ಬಂದರೂ, ಹಳೆಯ ಪ್ರೋಗ್ರಾಮುಗಳು ೬೪೦ರ ಬೇಲಿಯನ್ನು ದಾಟಲಾರದೆ ಒದ್ದಾಡಿದುವು. ಆಗ, ೧೯೯೦ರಲ್ಲಿ, ಕಿಲ್ಡಾಲನು ಸ್ಥಾಪಿಸಿದ ಕಂಪನಿಯೇ ಡಿ.ಆರ್. ಡಾಸ್ ೫.೦ ಎಂಬುದನ್ನು ತಂದಿತು. ಮೀಸಲು ಭಾಗದಲ್ಲಿ ಪಾಳುಬಿದ್ದಿದ್ದ ಮೂಲೆಗಳಿಗೂ, ೧,೦೨೪ರ ಗಡಿಯಾಚೆಯ ಸುಮಾರು ೬೪ ಕಿಲೋಬೈಟಿನ ಪಟ್ಟಿಗೂ ಆಡಳಿತ ವ್ಯವಸ್ಥೆಯನ್ನು ಸಾಗಿಸಿ, ಬೇಲಿಯ ಒಳಗಿನ ನೆಲವನ್ನು ಬಹುಮಟ್ಟಿಗೆ ಬಳಸುವವನಿಗೇ ತೆರವು ಮಾಡಿಕೊಟ್ಟಿತು. ಮೈಕ್ರೊಸಾಫ್ಟ್ ಅದೇ ಅನುಕೂಲವನ್ನು ತಂದದ್ದು ಮರುವರ್ಷ, ೧೯೯೧ರಲ್ಲಿ. ಡಿ.ಆರ್. ಡಾಸನ್ನು ಬರೆದವರು ಬೇರೆಯವರು. ಆದರೆ ಆಳುವವನು ಮೂಲೆಗೆ ಸರಿದು ಬಳಸುವವನಿಗೆ ಜಾಗ ಬಿಡಬೇಕೆಂಬುದು ೧೯೭೪ರಲ್ಲಿಯೇ ಕಿಲ್ಡಾಲನು ಹಾಕಿದ ಪಂಕ್ತಿ. ೧೯೯೧ರಲ್ಲಿಯೇ ಆ ಕಂಪನಿ ನೋವೆಲ್ ಎಂಬ ಸಂಸ್ಥೆಯ ಪಾಲಾಯಿತು.

ಸೋತವನೆಂದು ಲೋಕ ಅವನನ್ನು ಎಣಿಸಿದರೂ ಅವನ ಕುತೂಹಲ ಸೋಲಲಿಲ್ಲ. ೧೯೮೦ರ ದಶಕದಲ್ಲಿ ಅಮೆರಿಕದ ಟೆಲಿವಿಷನ್ನಿನಲ್ಲಿ ಕಂಪ್ಯೂಟರ್ ಕ್ರಾನಿಕಲ್ಸ್ ಎಂಬ ಕಾರ್ಯಕ್ರಮವನ್ನು ಜೊತೆಗಾರನಾಗಿ ನಡೆಸಿ, ಹೊಸ ಯಂತ್ರಗಳನ್ನು ಸಾಮಾನ್ಯ ಜನರಿಗೆ ಪರಿಚಯಿಸಿದನು. ಅಲ್ಲಿ ಪ್ರತಿಸ್ಪರ್ಧಿಗಳ ಯಂತ್ರಗಳನ್ನೂ ಆಸಕ್ತಿಯಿಂದ, ಮತ್ಸರವಿಲ್ಲದೆ ವಿಚಾರಿಸುತ್ತಿದ್ದನು. ೧೯೮೫ರಲ್ಲಿ ಒಂದು ಇಡೀ ವಿಶ್ವಕೋಶವನ್ನು ಒಂದು ಸಿ.ಡಿ. ತಟ್ಟೆಯ ಮೇಲೆ ತಂದನು. ಬೈಟುಗಳನ್ನು ಎಣಿಸಿ ಬದುಕಿದವನು ಗ್ರಂಥಭಂಡಾರವನ್ನು ಅಂಗೈಯಲ್ಲಿಟ್ಟು ತೋರಿಸಿದನು. ಕಡೆಗಾಲದಲ್ಲಿ ದಾಂಪತ್ಯವೂ ಮುರಿದು, ಮನಸ್ಸಿನ ನೆಮ್ಮದಿಯೂ ಕೆಟ್ಟಿತೆಂದು ತಿಳಿಯುತ್ತದೆ. ೧೯೯೩ರಲ್ಲಿ ತನ್ನ ನೆನಪುಗಳನ್ನು ಬರೆದು ಮಿತ್ರರಿಗೆ ಹಂಚಿದನು, ಅಚ್ಚು ಹಾಕಿಸಲಿಲ್ಲ. ೧೯೯೪ರ ಜುಲೈಯಲ್ಲಿ ಮಾಂಟೆರಿಯಲ್ಲಿ ತಲೆಗೆ ಪೆಟ್ಟು ತಗುಲಿ, ಮೂರು ದಿನಗಳ ತರುವಾಯ, ಜುಲೈ ೧೧ರಂದು ತೀರಿಕೊಂಡನು. ಆಗ ಅವನಿಗೆ ಐವತ್ತೆರಡೇ ವರ್ಷ. ೨೦೧೪ರಲ್ಲಿ ವಿದ್ಯುತ್ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಘವು ಪೆಸಿಫಿಕ್ ಗ್ರೋವಿನಲ್ಲಿ, ಅವನ ಕಂಪನಿಯಿದ್ದ ಕಟ್ಟಡದ ಬಳಿ ಒಂದು ಸ್ಮಾರಕಫಲಕವನ್ನು ಇಟ್ಟಿತು. ಅವನ ನೆನಪುಗಳ ಒಂದು ಭಾಗವನ್ನು ೨೦೧೬ರಲ್ಲಿ ಅಲ್ಲಿನ ಕಂಪ್ಯೂಟರು ಇತಿಹಾಸದ ವಸ್ತುಸಂಗ್ರಹಾಲಯ ಪ್ರಕಟಿಸಿತು.

ಕಿಲ್ಡಾಲನಲ್ಲಿ ದೋಷಗಳಿರಲಿಲ್ಲವೆಂದಲ್ಲ. ವ್ಯಾಪಾರದ ಚಾತುರ್ಯ ಅವನಿಗೆ ಒಲಿದಿರಲಿಲ್ಲ. ಹೊಸ ಚಿಪ್ಪಿಗೆ ಬೇಕಾದ ವ್ಯವಸ್ಥೆಯನ್ನು ಸಕಾಲದಲ್ಲಿ ಮುಗಿಸದೆ ತಡಮಾಡಿದ್ದು ಅವನ ಕಂಪನಿಯ ತಪ್ಪೇ. ಆ ತಡವೇ ಪ್ಯಾಟರ್‌ಸನ್ನನಿಗೆ ದಾರಿಮಾಡಿಕೊಟ್ಟಿತು. ಮೆಮೊರಿಯ ಒಂದು ಬೈಟನ್ನೂ ಹಾಳುಮಾಡದವನು ಕಾಲವನ್ನು ಕೈಬಿಟ್ಟನು. ಆದರೂ ಅವನ ಹಿರಿಮೆಯನ್ನು ಅವನು ಕಳೆದುಕೊಂಡ ಹಣದಿಂದ ಅಳೆಯುವುದು ನ್ಯಾಯವಲ್ಲ. ಅವನು ಮೇಷ್ಟರ ಮನೆಯಲ್ಲಿ ಹುಟ್ಟಿ ಮೇಷ್ಟರಾಗಿ ಕೆಲಸ ಪ್ರಾರಂಭಿಸಿದವನು. ತಾನು ಕಂಡುಕೊಂಡದ್ದು ಎಲ್ಲರಿಗೂ ದಕ್ಕಬೇಕೆಂಬುದು ಅವನ ಸ್ವಭಾವವಾಗಿತ್ತು.

ಈ ಕಥೆಗೂ ನಮಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧವಿದೆ. ನಮ್ಮ ದೇಶದ ಶಾಲೆಗಳಿಗೆ ಕಂಪ್ಯೂಟರು ಮೊದಲು ದೊಡ್ಡ ಪ್ರಮಾಣದಲ್ಲಿ ಬಂದದ್ದು ೧೯೮೪ರಲ್ಲಿ ಪ್ರಾರಂಭವಾದ ಕ್ಲಾಸ್ ಯೋಜನೆಯಿಂದ. ಆಗ ಕೊಟ್ಟ ಬಿ.ಬಿ.ಸಿ. ಮೈಕ್ರೊ ಯಂತ್ರದಲ್ಲಿ ಇದ್ದದ್ದು ೩೨ ಕಿಲೋಬೈಟು. ಸೂಕ್ಷ್ಮವಾದ ಚಿತ್ರವನ್ನು ತೆರೆಯ ಮೇಲೆ ತಂದರೆ ಅದರಲ್ಲಿ ೨೦ ಕಿಲೋಬೈಟನ್ನು ತೆರೆಯೇ ನುಂಗುತ್ತಿತ್ತು. ಬರಿಯ ಅಕ್ಷರಗಳಿಗೆ ತೃಪ್ತಿಪಟ್ಟರೆ ಒಂದೇ ಕಿಲೋಬೈಟು ಸಾಕಾಗುತ್ತಿತ್ತು. ಚಿತ್ರವೋ, ಪ್ರೋಗ್ರಾಮೋ ಎಂಬ ಆಯ್ಕೆಯನ್ನು ನಮ್ಮ ದೇಶದ ಮಕ್ಕಳೂ ಮಾಡಬೇಕಾಯಿತು.

ಕನ್ನಡಕ್ಕಂತೂ ಈ ಕಷ್ಟ ಇನ್ನೂ ಹತ್ತಿರದ್ದು. ಐ.ಬಿ.ಎಂ. ಯಂತ್ರದ ಅಕ್ಷರಪಟ್ಟಿಯಲ್ಲಿ ಇದ್ದದ್ದು ೨೫೬ ಮನೆಗಳು. ಅರ್ಧದಷ್ಟು ಇಂಗ್ಲಿಷಿಗೇ ಹೋಗಿದ್ದುವು. ನಮ್ಮ ೩೪ ವ್ಯಂಜನಗಳಿಗೆ ಹದಿನೈದರಂತೆ ಕಾಗುಣಿತ ಬರೆದರೆ ೫೧೦ ರೂಪಗಳು. ಒತ್ತಕ್ಷರಗಳನ್ನು ಸೇರಿಸಿದರೆ ಲೆಕ್ಕವೇ ತಪ್ಪುತ್ತದೆ. ಇಲ್ಲಿಯೂ ಕಿಲ್ಡಾಲನ ದಾರಿಯೇ ಕೈಹಿಡಿಯಿತು. ೧೯೯೧ರಲ್ಲಿ ಭಾರತೀಯ ಮಾನಕವಾಗಿ ಗೊತ್ತಾದ ಇಸ್ಕಿ ಎಂಬ ಸಂಕೇತಕ್ರಮವು, ಮೇಲಿನ ೧೨೮ ಮನೆಗಳೊಳಗೇ ಮೂಲಾಕ್ಷರಗಳನ್ನೂ ಸ್ವರಚಿಹ್ನೆಗಳನ್ನೂ ಮಾತ್ರ ಕೂರಿಸಿತು. ಕ ಒಂದು ಮನೆ, ಇಕಾರ ಒಂದು ಮನೆ. ಎರಡೂ ಸೇರಿ ಕಿ ಆಗುವುದು ತೆರೆಗೆ ಬರುವ ಹೊತ್ತಿನಲ್ಲಿ. ಎಲ್ಲವನ್ನೂ ಕೂಡಿಟ್ಟುಕೊಳ್ಳುವ ಬದಲು, ಬೇಕಾದಾಗ ಕಟ್ಟಿಕೊಳ್ಳುವುದು. ಅದೇ ವರ್ಷ ಬಂದ ಯೂನಿಕೋಡಿನಲ್ಲಿಯೂ ಕನ್ನಡಕ್ಕೆ ೧೨೮ ಮನೆಗಳ ಒಂದು ಕೇರಿ ದೊರೆಯಿತು. ನಾವು ಇಂದು ಮೊಬೈಲಿನಲ್ಲಿ ಬರೆಯುವ ಕನ್ನಡ ಆ ಕೇರಿಯದೇ.

ಇಂದಿನ ಸಾಧಾರಣ ಮೊಬೈಲಿನಲ್ಲಿ ೮ ಗಿಗಾಬೈಟು ಮೆಮೊರಿ ಇದೆಯೆಂದು ಹಿಡಿದರೆ, ಅದು ಕಿಲ್ಡಾಲನ ೬೪ ಕಿಲೋಬೈಟಿನ ೧,೩೧,೦೭೨ ಪಟ್ಟು. ಆದರೂ ಜಾಗ ಸಾಲದೆಂಬ ದೂರು ನಮ್ಮ ಬಾಯಿಂದ ತಪ್ಪಿಲ್ಲ. ಕೆರೆ ತುಂಬಿದ ವರ್ಷ ನೀರುಗಂಟಿಯ ಮಾತನ್ನು ಯಾರೂ ಕೇಳುವುದಿಲ್ಲ. ಬರಗಾಲ ಬಂದಾಗ ಅವನನ್ನು ಹುಡುಕಿಕೊಂಡು ಹೋಗುತ್ತಾರೆ. ಗೆಳೆಯರೇ, ತರೀಕೆರೆಯ ಕೆರೆಯ ಏರಿಯ ಮೇಲೆ ನಿಂತು ನಾಲಗೆ ತೊಡರಿಸುವ ಕರಿಕುರಿಮರಿಗಳ ಆಟವನ್ನು ನಾವೆಲ್ಲ ಆಡಿದವರು. ಇನ್ನೊಮ್ಮೆ ಹೋದಾಗ ಏರಿಯ ಕೆಳಗಿನ ತೂಬನ್ನೂ ಒಮ್ಮೆ ನೋಡಿ. ಅಷ್ಟು ದೊಡ್ಡ ನೀರನ್ನು ಆಳುವುದು ಅಷ್ಟು ಸಣ್ಣ ಬಾಯಿ. ನಮಗೆ ದೊರೆತ ಕಾಲ, ಹಣ, ಪುಸ್ತಕ, ಅವಕಾಶಗಳು ಕಡಮೆಯೆಂದು ಕೊರಗುವ ಮುನ್ನ, ಇದ್ದುದನ್ನು ನಾವು ಕ್ರಮವಾಗಿ ಹಂಚಿಕೊಂಡಿದ್ದೇವೆಯೇ ಎಂದು ಕೇಳಿಕೊಳ್ಳುವುದಾದರೆ, ದೂರದ ಕಡಲಕರೆಯ ಆ ಮೇಷ್ಟರಿಗೆ ನಾವು ಸಲ್ಲಿಸುವ ಗೌರವ ಅದೇ ಆಗುತ್ತದೆ.